ಕಲ್ಲಿಲ್ಲದೆ ನಿಂತ ವ್ಯಾನ್

ಸವಾಯಿ ದ್ವೀಪದ ಸಲೆಲೊಲೊಂಗಾ ಬಂದರಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಹಿಂಭಾಗ ಎತ್ತಿ ನಿಲ್ಲಿಸಿದ ಚರ್ಚಿನ ಬಿಳಿ ವ್ಯಾನಿನ ಕೆಳಗಿನಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಪಾದಗಳ ಒಡತಿ ಬ್ರೇಕ್ ರಿಪೇರಿಯ ಫುವಾಟಿನೊ. ಹೊರಗೆ ಚಾಪೆಯ ಮೇಲೆ ಬಿಳಿ ಉಡುಪು, ಬಿಳಿ ಟೋಪಿಯ ಗಾಯಕಿಯರು ಕೊಕೊ ಕುಡಿಯುತ್ತಾ ಕೂತಿದ್ದಾರೆ. ಮಧ್ಯಾಹ್ನ ಆಚೆ ದ್ವೀಪದ ಅಪಿಯಾ ನಗರದಲ್ಲಿ ಚರ್ಚುಗಳ ಹಾಡಿನ ಸ್ಪರ್ಧೆ. ಗಾಡಿಗಳನ್ನೂ ಒಯ್ಯುವ ಬೆಳಗಿನ ದೊಡ್ಡ ದೋಣಿ ತಪ್ಪಿದರೆ ವರ್ಷವಿಡೀ ಮಾಡಿದ ಅಭ್ಯಾಸ ನೀರುಪಾಲು.

"ಅಕ್ಕಾ, ಆಯ್ತಾ? ಇಲ್ಲಾಂದ್ರೆ ಈಜ್ಕೊಂಡೇ ಹೊರಡ್ತೀವಿ!" ಎಂದು ಒಬ್ಬಳು ಕೂಗುತ್ತಾಳೆ.

"ಈಜು, ಈಜು. ಆ ಟೋಪಿ ಒದ್ದೆ ಆದ್ರೆ ನನ್ನ ಬೈಬೇಡ," ಎಂದು ವ್ಯಾನಿನ ಕೆಳಗಿನಿಂದ ಉತ್ತರ ಬರುತ್ತದೆ.

ಈ ದೋಣಿಯವರದು ಒಂದೇ ಹಟ. ಹತ್ತುವ ಪ್ರತಿ ಗಾಡಿಯೂ ಇಳಿಜಾರು ಹಲಗೆಯ ಮೇಲೆ ಬರೀ ಹ್ಯಾಂಡ್‌ಬ್ರೇಕಿನ ಬಲದಿಂದ ನಿಲ್ಲಬೇಕು. ನಿನ್ನೆ ಸಂಜೆ ವ್ಯಾನ್ ನಿಲ್ಲಲಿಲ್ಲ. ಗಾಡಿ ಹತ್ತಿಸುವ ಸೆಮಿಸಿ ಮುಲಾಜಿಲ್ಲದೆ ಹಿಂದಕ್ಕೆ ಕಳಿಸಿದ.

ತಪ್ಪು ಯಾರದು ಎಂದರೆ, ನಮ್ಮೆಲ್ಲರದೂ ಹೌದು. ಸವಾಯಿ ದ್ವೀಪದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವುದು ದುಂದುಗಾರಿಕೆ. ಎಳೆದರೆ ಸವೆಯುತ್ತದಂತೆ! ಅದಕ್ಕೇ ಎಲ್ಲರ ಗಾಡಿಯಲ್ಲೂ ಒಂದು ಕರಿಕಲ್ಲು ಇರುತ್ತದೆ. ನಿಲ್ಲಿಸಿದೊಡನೆ ಇಳಿದು ಅದನ್ನು ಚಕ್ರದ ಹಿಂದೆ ಇಡುತ್ತೇವೆ. ನನ್ನ ಸೀಟಿನ ಕೆಳಗೂ ಒಂದಿದೆ, ಒಳ್ಳೆಯ ಆಕಾರದ್ದು.

ವ್ಯಾನ್ ಓಡಿಸುವ ಚರ್ಚಿನ ಸೇವಕ, ಡೀಕನ್ ಅಪೇಲು ಈಗಲೂ ಸಮರ್ಥಿಸಿಕೊಳ್ಳುತ್ತಾರೆ. "ಚರ್ಚಿನ ಗಾಡಿ ಕಣಮ್ಮ. ಆ ಹಿಡಿ ಮುಟ್ಟದೆ ಜೋಪಾನವಾಗಿ ಇಟ್ಟಿದ್ದೆ."

"ಜೋಪಾನ ಮಾಡೋಕೆ ಅದೇನು ಭಾನುವಾರದ ಅಂಗಿನಾ ಮಾವ? ಉಪ್ಪುಗಾಳಿ ಊರು ಇದು. ಎಳೀದೆ ಬಿಟ್ರೆ ಕೇಬಲ್ ತುಕ್ಕು ಹಿಡಿದು ಕೂತ್ಕೊಳ್ಳುತ್ತೆ. ದಿನಾ ಎಳೀರಿ, ದಿನಾ ಬಿಡಿ. ಅದೇ ಅದಕ್ಕೆ ಔಷಧಿ," ಎಂದು ಫುವಾಟಿನೊ ಗದರುತ್ತಾಳೆ.

ಫುವಾಟಿನೊ ಬ್ರೇಕಿನ ಬೆನ್ನು ಹತ್ತಿದ್ದಕ್ಕೆ ಕಾರಣ ಒಂದು ಹಂದಿ. ಆಗ ಆಕೆ ಅಣ್ಣನೊಂದಿಗೆ ಟ್ರಕ್ಕಿನಲ್ಲಿ ತೆಂಗಿನಕಾಯಿ ಸಾಗಿಸುತ್ತಿದ್ದಳು. ದಂಡೆಯ ಇಳಿಜಾರಿನಲ್ಲಿ ನಿಲ್ಲಿಸಿ, ಕಲ್ಲಿಟ್ಟು, ಊಟಕ್ಕೆ ಕೂತಾಗ ಹಂದಿಯೊಂದು ಆ ಕಲ್ಲನ್ನು ಮೂತಿಯಿಂದ ಸರಿಸಿತು. ಟ್ರಕ್ ಸಮುದ್ರಕ್ಕೆ ಇಳಿಯಿತು. ಊರು ನಕ್ಕಿತು. ಆ ಮನೆಯ ಅನ್ನ ಹೋಗಿತ್ತು. ಅಣ್ಣ ಹಣ್ಣು ಕೀಳುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋದ. ಫುವಾಟಿನೊ ಅಪಿಯಾದ ಗ್ಯಾರೇಜೊಂದರಲ್ಲಿ ನೆಲ ಗುಡಿಸುತ್ತಾ ಕೆಲಸ ಕಲಿತಳು. ಮರಳಿ ಬಂದು ಶೆಡ್ ಹಾಕಿದಾಗ ಮೊದಲ ತಿಂಗಳುಗಳಲ್ಲಿ ಬಂದದ್ದು ಸೈಕಲ್ಲುಗಳು ಮಾತ್ರ. ಹೆಂಗಸಿನ ಕೈಗೆ ಬ್ರೇಕ್ ಕೊಡಲು ಗಂಡಸರಿಗೆ ಧೈರ್ಯವಿರಲಿಲ್ಲ. ಈಗ ದಿನಕ್ಕೆ ಎರಡು ಮೂರು ಗಾಡಿ ಬರುತ್ತವೆ. ಕೆಲವರು ಟಾಲಾ ನೋಟು ಕೊಡುತ್ತಾರೆ, ಕೆಲವರು ಕೆಸುವಿನ ಗೆಡ್ಡೆ. ಬೆನ್ನುನೋವು ಮಾತ್ರ ತಪ್ಪದೆ ಬರುತ್ತದೆ.

ನಾನೂ ಬಗ್ಗಿ ಚಕ್ರದೊಳಗೆ ಇಣುಕುತ್ತೇನೆ. ಹಿಂದಿನ ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರಿಗೇ ಹ್ಯಾಂಡ್‌ಬ್ರೇಕಿನ ಕೇಬಲ್ ಬಂದು ಸೇರುತ್ತದೆ. ಅಲ್ಲಿನ ಪುಟ್ಟ ಸನ್ನೆಕೋಲು ಅಲ್ಲಾಡದಂತೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಯಾರೋ ಪುಣ್ಯಾತ್ಮರು ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಕೇಬಲನ್ನೂ ಎಳೆದು ಬಿಗಿದಿದ್ದರು.

"ತಲೆಗೆ ಹಚ್ಚೋ ಎಣ್ಣೇನ ಬ್ರೇಕಿಗೆ ಹಚ್ಚಿದ್ದಾರೆ ನೋಡಿ! ರಬ್ಬರ್ ಎಲ್ಲ ಉಬ್ಬಿತ್ತು," ಎಂದು ಫುವಾಟಿನೊ ನಗುತ್ತಾಳೆ. "ಕೇಬಲ್ ಬಿಗಿ ಮಾಡೋದು ಕೊನೇ ಕೆಲಸ. ಮೊದಲು ಚಕ್ರದ ಹತ್ರ ಸರಿ ಆಗ್ಬೇಕು."

ಸನ್ನೆಕೋಲನ್ನು ಬಿಡಿಸಿ, ಹೊಸ ರಬ್ಬರ್ ಕೂರಿಸಿ, ಹೊಸ ಪ್ಯಾಡಿಗೆ ಜಾಗ ಮಾಡಲು ಆಕೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಅನ್ನು ಒಳಕ್ಕೆ ಕಳಿಸುತ್ತಾಳೆ. ಒತ್ತುವುದಿಲ್ಲ, ತಿರುಗಿಸುತ್ತಾಳೆ. "ಒಳಗೆ ಸ್ಕ್ರೂ ಇದೆ. ಜೋರು ಮಾಡಿದ್ರೆ ಮುರಿಯುತ್ತೆ." ಕೊನೆಗೆ ಹೊಸ ಕೇಬಲ್ ಜೋಡಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಎರಡೂ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾಳೆ. ಎಲ್ಲೂ ಉಜ್ಜುವುದಿಲ್ಲ. ಹಿಡಿ ಎಳೆದರೆ ಎರಡೂ ಗಕ್ಕನೆ ನಿಲ್ಲುತ್ತವೆ.

ದೋಣಿ ಸಿಳ್ಳೆ ಹಾಕುತ್ತದೆ. ಗಾಯಕಿಯರು ಕೆಳಗೇ ನಿಲ್ಲುತ್ತಾರೆ, ಅಪೇಲು ಒಬ್ಬರೇ ವ್ಯಾನನ್ನು ಹಲಗೆಯ ಮೇಲೆ ಹತ್ತಿಸುತ್ತಾರೆ. ನಡುದಾರಿಯಲ್ಲಿ ಸೆಮಿಸಿ ಕೈ ಅಡ್ಡ ಹಿಡಿಯುತ್ತಾನೆ.

"ನಿಲ್ಸಿ. ಹ್ಯಾಂಡ್‌ಬ್ರೇಕ್ ಎಳೀರಿ. ಗೇರ್ ತೆಗೀರಿ. ಈಗ ಕಾಲು ಎತ್ತಿ ಡೀಕನ್ನರೇ."

ಅಪೇಲು ಕಣ್ಣು ಮುಚ್ಚಿ ಕಾಲೆತ್ತುತ್ತಾರೆ, ತುಟಿಯಲ್ಲಿ ಪ್ರಾರ್ಥನೆ. ಫುವಾಟಿನೊ ಸೊಂಟಕ್ಕೆ ಸುತ್ತಿದ ಲಾವಲಾವದ ಅಂಚಿನಲ್ಲಿ ಕೈ ಒರೆಸುತ್ತಲೇ ಇದ್ದಾಳೆ, ಕೈ ಆಗಲೇ ಒಣಗಿದೆ. ವ್ಯಾನ್ ಒಂದಿಷ್ಟು ಕುಲುಕಿ ನಿಲ್ಲುತ್ತದೆ. ಸೆಮಿಸಿಗೆ ನಂಬಿಕೆಯಿಲ್ಲ, ಮುಂದಿನಿಂದ ಭುಜ ಕೊಟ್ಟು ಇಳಿಜಾರಿನತ್ತ ತಳ್ಳುತ್ತಾನೆ. ಇನ್ನಿಬ್ಬರು ಕೂಲಿಗಳನ್ನು ಕರೆದು ಅವರಿಂದಲೂ ತಳ್ಳಿಸುತ್ತಾನೆ. ವ್ಯಾನ್ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ.

"ಹೋಗಿ ಸ್ವಾಮಿ, ಒಳಗೆ ಹೋಗಿ!" ಎಂದು ಅವನೇ ಸೋತು ನಗುತ್ತಾನೆ.

ಬಂದರಿಗೆ ಬಂದರೇ ಕೂಗು ಹಾಕುತ್ತದೆ. ಗಾಯಕಿಯರು ಸ್ಪರ್ಧೆಯ ಹಾಡನ್ನು ಇಲ್ಲೇ ಶುರು ಮಾಡಿ, ಚಪ್ಪಾಳೆ ತಟ್ಟುತ್ತಾ ದೋಣಿ ಹತ್ತುತ್ತಾರೆ. ನಾನೂ ಚಪ್ಪಾಳೆ ತಟ್ಟುತ್ತೇನೆ, ಮುಚ್ಚಿಡುವುದೇಕೆ?

ಏನನ್ನಿಸುತ್ತಿದೆ ಎಂದು ಕೇಳುತ್ತೇನೆ. ಫುವಾಟಿನೊ ದೋಣಿಯತ್ತಲೇ ನೋಡುತ್ತಿದ್ದಾಳೆ.

"ಜೋರಾಗಿ ಓಡೋ ಗಾಡಿಗೆ ಎಲ್ರೂ ಚಪ್ಪಾಳೆ ಹೊಡೀತಾರೆ. ಸುಮ್ನೆ ನಿಂತಿರೋ ಗಾಡಿಗೆ ಹೊಡೆದಿದ್ದು ನೀವು ಎಲ್ಲಾದ್ರೂ ನೋಡಿದ್ರಾ? ನಾನು ಇವತ್ತು ನೋಡಿದೆ."