ಫ್ಲಾಪಿ ತೊಳೆಯುವ ರಾಚವ್ವ

ಬೆಳಗಿನ ಆರು ಗಂಟೆ. ಗ್ರಾಂಟ್ ರೋಡಿನ ಕಂಪ್ಯೂಟರ್ ಅಂಗಡಿಯ ಹಿಂದಿನ ನಲ್ಲಿಗೆ ಈಗಷ್ಟೇ ನೀರು ಬಂದಿದೆ. ರಾಚವ್ವ ಸೆರಗು ಸಿಕ್ಕಿಸಿ, ಕಂಪ್ಯೂಟರಿನ ಮಾಹಿತಿ ತುಂಬಿಡುವ ಫ್ಲಾಪಿಯ ಅಂಚನ್ನು ಬ್ಲೇಡಿನಿಂದ ಸೀಳಿ, ಒಳಗಿನ ತೆಳುವಾದ ಕಪ್ಪು ಬಿಲ್ಲೆಯನ್ನು ಮೆಲ್ಲಗೆ ಎಳೆಯುತ್ತಾರೆ. ಸಾಬೂನು ನೀರಿನಲ್ಲಿ ಬೆರಳ ತುದಿಯಿಂದ ಬೂಷ್ಟು ಉಜ್ಜಿ, ಹತ್ತಿ ಬಟ್ಟೆಯ ಮೇಲೆ ನೆರಳಿಗೆ ಹಾಕುತ್ತಾರೆ. ಒಣಗಿದ ಮೇಲೆ ಅದಕ್ಕೊಂದು ಹೊಸ ಕವಚ. ಮುಂಬಯಿಯ ಮಳೆಗಾಲದಲ್ಲಿ ಗಿರಾಕಿಗಳು ತರುವ, ಬೂಷ್ಟು ಹಿಡಿದ ಇಪ್ಪತ್ತು ಫ್ಲಾಪಿಗಳಿಗೆ ದಿನಾ ಇಲ್ಲಿ ಹೀಗೆ ಸ್ನಾನವಾಗುತ್ತದೆ.

ಇಂಡಿ ತಾಲ್ಲೂಕಿನ ರಾಚವ್ವ ಈ ಊರಿಗೆ ಬಂದದ್ದು ಬಿಲ್ಡಿಂಗ್ ಕೆಲಸಕ್ಕೆ. ಬುಟ್ಟಿ ಹೊತ್ತು ಹೊತ್ತು ಸೊಂಟ ಹೋದ ಮೇಲೆ ಶೆಟ್ಟೆಪ್ಪನ ಈ ಅಂಗಡಿಯಲ್ಲಿ ಕಸಬರಿಗೆ ಹಿಡಿದರು. ಹೋದ ವರ್ಷ, ಎಂಬತ್ತೊಂಬತ್ತರ ಮಳೆಯಲ್ಲಿ, ಬೂಷ್ಟು ಹಿಡಿದ ಫ್ಲಾಪಿಗಳನ್ನು ಮಾಲೀಕ ಕಸಕ್ಕೆ ಎಸೆದಾಗ ಒಂದನ್ನು ಸೀಳಿ ತೊಳೆದೇಬಿಟ್ಟರು. "ಶೆಟ್ಟೆಪ್ಪ ಹೌಹಾರಿದ. ಆಮ್ಯಾಲ ಮಷೀನ್‌ದಾಗ ಹಾಕಿ ನೋಡ್ತಾನ, ಚಾಲೂ ಆತು!" ಎಂದು ಈಗಲೂ ಬಿದ್ದು ಬಿದ್ದು ನಗುತ್ತಾರೆ.

ಶೆಟ್ಟೆಪ್ಪ ಮಾರುವುದು ಸಾಫ್ಟ್‌ವೇರಿನ ಕಳ್ಳ ಪ್ರತಿಗಳನ್ನು, ಅದರಲ್ಲಿ ಮುಚ್ಚುಮರೆಯಿಲ್ಲ. ಕಂಪ್ಯೂಟರನ್ನು ಎಬ್ಬಿಸುವ ಆಪರೇಟಿಂಗ್ ಸಿಸ್ಟಮ್ ಅಸಲಿಯೇ ಬೇಕೆಂದರೆ ಗುಮಾಸ್ತನ ಎರಡು ತಿಂಗಳ ಸಂಬಳ. ಇಲ್ಲಿ ಮೂವತ್ತು ರೂಪಾಯಿ. ಅಸಲಿ ಕೊಂಡ ಪುಣ್ಯಾತ್ಮ ಒಬ್ಬರೇ: ಗೋರೆಗಾಂವ್‌ನ ಕೇಶವಮೂರ್ತಿ, ಮೈಸೂರಿನವರು, ವಿಮಾ ಕಚೇರಿಯ ಗುಮಾಸ್ತರು. ಡಬ್ಬದ ಮೇಲೆ ನಕಲು ಮಾಡಬಾರದೆಂದು ಬರೆದದ್ದನ್ನು ಓದಿ, ಮನೆಯಲ್ಲಿಟ್ಟುಕೊಳ್ಳಲೂ ಇನ್ನೊಂದು ಪ್ರತಿ ತೆಗೆಯಲಿಲ್ಲ! ಇಂಥ ಪ್ರಾಮಾಣಿಕತೆಗೆ ನಗಬೇಕೋ ಕೈಮುಗಿಯಬೇಕೋ ತಿಳಿಯದು. ಈಗ ಆ ಒಂದೇ ಫ್ಲಾಪಿಗೆ ಬಿಳಿ ಬೂಷ್ಟು ಹಿಡಿದಿದೆ. ಅದು ಹೋದರೆ ಮತ್ತೆರಡು ತಿಂಗಳ ಸಂಬಳವೂ ಹೋದಂತೆ. ಇವತ್ತು ಮೊದಲ ಲೋಕಲ್ ರೈಲು ಹಿಡಿದು ಇಲ್ಲಿಗೆ ಓಡಿಬಂದಿದ್ದಾರೆ.

"ಅಯ್ಯೋ, ಅಸಲಿದು ಕಣಮ್ಮ, ಕುಯ್ಬೇಡಿ," ಎಂದು ನಲ್ಲಿಯ ಪಕ್ಕ ಅಂಗಲಾಚುತ್ತಾರೆ.

"ಬೂಷ್ಟಿಗೆ ಅಸಲಿ ಯಾವ್ದು, ನಕಲಿ ಯಾವ್ದು ತಿಳೀತೈತೇನ್ರಿ ಸಾಹೇಬ್ರ? ಅತ್ಲಾಗ ತಿರುಗಿ ನಿಂದರ್ರಿ," ಎಂದು ರಾಚವ್ವ ಬ್ಲೇಡು ಎತ್ತುತ್ತಾರೆ.

ಹತ್ತೂವರೆಗೆ ಮಷೀನು ಗುರ್ರೆಂದು, ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ಕೇಶವಮೂರ್ತಿ ಕುಣಿಯುವುದೊಂದು ಬಾಕಿ. ರಾಚವ್ವ ಅಷ್ಟಕ್ಕೇ ಬಿಡುವುದಿಲ್ಲ. "ಮೊದಲ ಒಂದ್ ಕಾಪಿ ತಗೀರಿ. ತಮ್ಮ ಮಾಲು ತಾವ ಎರಡ್ ಇಟ್ಕೊಂಡ್ರ ಕಳವು ಆಗಂಗಿಲ್ಲ." ಕೇಶವಮೂರ್ತಿ ಸುತ್ತಮುತ್ತ ಒಮ್ಮೆ ನೋಡಿ, ತಮ್ಮ ಜೀವನದ ಮೊದಲ ನಕಲು ಮಾಡಿಸುತ್ತಾರೆ.

ಇಷ್ಟು ದೊಡ್ಡ ವಿದ್ಯೆ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ರಾಚವ್ವ ಕೈ ಒರೆಸಿಕೊಳ್ಳುತ್ತಾರೆ.

"ಕಾಪಿ ಮಾಡಬ್ಯಾಡ್ರಿ ಅಂತ ಕಂಪನಿಯವ್ರು ಡಬ್ಬಿ ಮ್ಯಾಲ ಇಷ್ಟುದ್ದ ಬರದಾರಂತ. ಬೂಷ್ಟು ಹಿಡದ್ರ ಏನ್ ಮಾಡ್ಬೇಕಂತ ಒಂದಕ್ಷರ ಬರದಿಲ್ಲ. ಅವ್ರಿಗೆ ಗೊತ್ತಿದ್ರ ಬರೀತಿದ್ರು ಬಿಡ್ರಿ. ನನಗ ಗೊತ್ತೈತಿ."