ಸೈನಿಕರಿಗೆ ಹೆಣೆದ ಕುಲಾವಿ

ಟೋಪಿ ಮಾದೇವಣ್ಣನ ತಲೆಗೆ ಇಳಿಯಲೇ ಇಲ್ಲ, ಹಣೆಯ ಮೇಲೇ ನಿಂತುಬಿಟ್ಟಿತು. ಕಾರ್ಗಿಲ್ ಯುದ್ಧ ನಡೆಯುತ್ತಿದ್ದ ಆಷಾಢ. ಗುಂಡ್ಲುಪೇಟೆ ತಾಲ್ಲೂಕಿನ ನಮ್ಮ ಹೈಸ್ಕೂಲಿನ ಹೊಲಿಗೆ ಕ್ಲಾಸಿನಲ್ಲಿ ಹುಡುಗಿಯರೆಲ್ಲ ಸೈನಿಕರಿಗಾಗಿ ಉಲ್ಲನ್ ಟೋಪಿ ಹೆಣೆದಿದ್ದೆವು. ಕಳಿಸುವ ಮೊದಲು ಒಮ್ಮೆ ತೋರಿಸೋಣವೆಂದು ಮೇಡಂ ಬೇಗೂರಿನ ಮಾದೇವಣ್ಣನನ್ನು ಕರೆಸಿದ್ದರು. ಹಿಂದಿನ ವರ್ಷ ಗಡಿಯಲ್ಲಿ ನೆಲಬಾಂಬ್ ಸಿಡಿದು ಒಂದು ಪಾದ ಕಳೆದುಕೊಂಡು ಊರಿಗೆ ಮರಳಿದ್ದ ಸೈನಿಕ ಅವರು.

ತಪ್ಪು ನಮ್ಮೂರಿನದೇ. ನಮ್ಮ ಕಡೆ ಉಲ್ಲನ್ನಿನಲ್ಲಿ ಹೆಣೆಯುವುದು ಬಾಣಂತಿ ಮನೆಯ ಕೂಸಿಗೆ ಕುಲಾವಿ ಮಾತ್ರ. ಮೇಡಂಗೂ ಗೊತ್ತಿದ್ದದ್ದು ಅದೇ. ಅಂದಾಜಿನಲ್ಲಿ ಒಂದಿಷ್ಟು ಕುಣಿಕೆ ಹೆಚ್ಚು ಹಾಕಿ, ತುದಿಗೆ ಕುಚ್ಚನ್ನೂ ಕಟ್ಟಿ, ಅದನ್ನೇ ಸೈನಿಕರ ಟೋಪಿ ಅಂದುಕೊಂಡಿದ್ದೆವು.

ಹೆಣೆದದ್ದೆಲ್ಲ ದಂಡವಾಯಿತೆಂದು ನನಗೆ ಅಳುವೇ ಬಂತು. ಮಾದೇವಣ್ಣ ನಗಲಿಲ್ಲ. ಬೆಂಚಿನ ಮೇಲೆ ಕೂತು, ಪಂಚೆ ಸರಿಸಿ, ನನ್ನ ಕೆಂಪು ಟೋಪಿಯನ್ನು ಪಾದವಿಲ್ಲದ ಕಾಲಿನ ತುದಿಗೆ ಎಳೆದುಕೊಂಡರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು.

“ಅಳ್ಬ್ಯಾಡ ಬುಡು ಕಣಮ್ಮಿ. ಈ ಗಾಳಿಗೆ ಇಲ್ಲೇ ಸೆಳೀತಿತ್ತು. ಇದು ನಂಗಿರ್ಲಿ, ಮಿಕ್ಕವ್ನೆಲ್ಲಾ ಬಿಚ್ಚಿ ನನ್ ತಲೆ ಅಳ್ತೆಗೆ ಮಾಡ್ರವ್ವ,” ಅಂದರು.

ಬಿಚ್ಚಿ ಹೆಣೆದ ಟೋಪಿಗಳು ಯಾವ ಸೈನಿಕರ ತಲೆ ಬೆಚ್ಚಗಿಟ್ಟವೋ ತಿಳಿಯಲಿಲ್ಲ. ಆದರೆ ಆ ಗಾಳಿಕಾಲವೆಲ್ಲ ಬೇಗೂರು ಬಸ್‌ಸ್ಟ್ಯಾಂಡಿನಲ್ಲಿ ಮಾದೇವಣ್ಣನ ಕಾಲಲ್ಲಿ ನನ್ನ ಕೆಂಪು ಕುಲಾವಿ ಕಾಣುತ್ತಿತ್ತು. ಕುಚ್ಚನ್ನೂ ಅವರು ಕಿತ್ತಿರಲಿಲ್ಲ.