ಹೊರಗಿನಿಂದ ಒಂದೇ ರೈಫಲ್ಲು

ವೆಸ್ಟ್ ವರ್ಜೀನಿಯಾದ ಬೆಟ್ಟದೂರಿನ ಶಾಲೆಯಲ್ಲಿ ಅಡುಗೆ ಮಾಡುವ ನೀವಾ, ಒಲೆ ಆರಿದೆಯೇ ಎಂದು ಮೂರು ಸಲ ನೋಡದೆ ಮನೆ ಬಿಟ್ಟವಳಲ್ಲ. ಅಳಿಲು ಬೇಟೆ ಶುರುವಾಗಲು ವಾರವಿತ್ತು. ಹತ್ತು ವರ್ಷದ ಮಗಳು ಜೋಲೀನ್ ಮೊದಲ ಸಲ ಅಪ್ಪನ ಜೊತೆ ಕಾಡಿಗೆ ಹೋಗುವವಳಿದ್ದಳು. ಅವಳಿಗೆಂದು ಗಂಡ ವೇಡ್ ತನ್ನ ದೊಡ್ಡ ರೈಫಲ್ಲಿಗೇ ಬಿಡಿಭಾಗಗಳ ಒಂದು ಕಿಟ್ ತಂದಿದ್ದ. ಗುಂಡನ್ನು ನಳಿಗೆಗೆ ತಳ್ಳುವ ಒಳಗಿನ ಬೋಲ್ಟ್ ಬದಲಿಸಿದರೆ ಅದೇ ರೈಫಲ್ಲು ಸಣ್ಣ ಗುಂಡು ಹಾರಿಸುತ್ತಿತ್ತು.

"ಎರಡು ನಿಮಿಷದ ಕೆಲಸ ಕಣೆ. ಅವಳಿಗೆ ಹೊಸ ರೈಫಲ್ಲು ಯಾಕೆ?" ಎಂದ ವೇಡ್.

"ಇವತ್ತು ಎರಡು ಕಾಲಿಗೆ ಬೇರೆ ಬೇರೆ ಬೂಟು ಹಾಕ್ಕೊಂಡು ಹೋದೋನು ನೀನು. ಅವಳು ಇದು ನಂದೇ ಅಂತ ಎತ್ಕೊಂಡಾಗ ಒಳಗೆ ದೊಡ್ಡದಿದ್ರೆ? ಅಲ್ಲಿಂದ್ಲೇ ಹೇಳು, ಈಗ ಯಾವ್ದಿದೆ?"

ವೇಡ್ ಗೋಡೆಯ ಮೇಲಿದ್ದ ಕರಿ ಹಿಡಿಯ ರೈಫಲ್ಲನ್ನು ನೋಡಿದ. "ಸಣ್ಣದು. ಭಾನುವಾರ ನಾನೇ ಹಾಕಿದ್ದು."

"ತೆಗೆದು ತೋರ್ಸು."

ಬೋಲ್ಟ್ ಎಳೆದಾಗ ಬೆರಳುದ್ದದ ಗುಂಡೊಂದು ನೆಲಕ್ಕೆ ಬಿತ್ತು. ಮೊನ್ನೆ ಕೋಳಿಗೂಡಿಗೆ ನರಿಯಂಥ ಕಾಯೋಟಿ ಬಂತೆಂದು ದೊಡ್ಡ ಬೋಲ್ಟ್ ಹಾಕಿದ್ದನ್ನು ಅವನು ಮರೆತೇಬಿಟ್ಟಿದ್ದ.

ವೇಡ್ ಬಗ್ಗಿ ಆ ಗುಂಡು ಎತ್ತಿಟ್ಟ. ಆಮೇಲೆ ಬಂದೂಕಿನಂಗಡಿಗೆ ಹೋಗಲು ಟ್ರಕ್ಕಿನ ಕೀಲಿ ತೆಗೆದುಕೊಂಡ.

"ಅವಳಿಗೆ ಮರದ ಹಿಡಿಯದ್ದೇ ತಗೊ," ನೀವಾ ಬಾಗಿಲವರೆಗೂ ಹಿಂದೆ ಬಂದಳು. "ಅಡುಗೆಮನೆಯಿಂದ ನೋಡಿದ್ರೂ ಬೇರೆ ಅಂತ ನಂಗೆ ಗೊತ್ತಾಗ್ಬೇಕು."